ಕರ್ನಾಟಕದ ಸಾಂಪ್ರದಾಯಿಕ ಮನೆಯ ಒಳಾಂಗಣ ಮತ್ತು ಹಳೆಯ ಗೃಹವಸ್ತುಗಳು

ಕರ್ನಾಟಕದ ಸಾಂಪ್ರದಾಯಿಕ ಒಳಾಂಗಣವೆಂದರೆ ತೊಟ್ಟಿಮನೆ, ವಾಡೆ, ಗುತ್ತಿನ ಮನೆ, ಐನ್‌ಮನೆ ಮೊದಲಾದ ಹಳೆಯ ವಸತಿಗಳ ಒಳಭಾಗದ ಮರಗೆಲಸ, ನೆಲ ಮತ್ತು ಗೋಡೆಗಳ ಅಲಂಕಾರ ಹಾಗೂ ಅಲ್ಲಿ ನಿತ್ಯ ಬಳಕೆಯಾಗುವ ಮರ, ಲೋಹ, ಕಲ್ಲು, ಬಟ್ಟೆಯ ವಸ್ತುಗಳು ಒಟ್ಟಾಗಿ ರೂಪಿಸುವ ವ್ಯವಸ್ಥೆ. ಇದರಲ್ಲಿ ಅಲಂಕಾರವೆಂಬುದು ಪ್ರತ್ಯೇಕ ಕೆಲಸವಾಗಿರಲಿಲ್ಲ. ಕೆತ್ತನೆ ಇರುತ್ತಿದ್ದುದು ಭಾರ ಹೊರುವ ಕಂಬದ ಮೇಲೆ, ಚಿತ್ರ ಇರುತ್ತಿದ್ದುದು ಮದುವೆ ನಡೆಯುವ ಗೋಡೆಯ ಮೇಲೆ, ಹೊಳಪು ಇರುತ್ತಿದ್ದುದು ದಿನವೂ ಬೆಳಗುವ ತಂಬಿಗೆಯ ಮೇಲೆ. ಪ್ರತಿ ವಸ್ತುವಿಗೂ ಮನೆಯಲ್ಲಿ ಗೊತ್ತಾದ ಜಾಗ, ಗೊತ್ತಾದ ಕೆಲಸ ಇರುತ್ತಿತ್ತು.

ಪರಿಭಾಷೆ

ತಲೆಮಾರುಗಳಿಂದ ಮನೆಯಲ್ಲಿ ಉಳಿದುಬಂದ ಬಳಕೆಯ ಸಾಮಾನನ್ನು, ಅದರ ವಯಸ್ಸು ಎಷ್ಟೇ ಇರಲಿ, ಇಲ್ಲಿ ‘ಹಳೆಯ ಗೃಹವಸ್ತು’ ಎಂದು ಕರೆದಿದೆ. ‘ಪ್ರಾಚ್ಯವಸ್ತು’ ಎಂಬುದು ಕಾನೂನಿನ ಪದ. ಭಾರತದ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ಕನಿಷ್ಠ 100 ವರ್ಷ ಹಳೆಯದಾದ ಶಿಲ್ಪ, ಚಿತ್ರ, ನಾಣ್ಯ, ಶಾಸನ, ಕುಶಲಕಲೆಯ ವಸ್ತು ಮುಂತಾದವು ಈ ವರ್ಗಕ್ಕೆ ಸೇರುತ್ತವೆ. ಐತಿಹಾಸಿಕ, ಸಾಹಿತ್ಯಿಕ ಅಥವಾ ವೈಜ್ಞಾನಿಕ ಮಹತ್ವದ ಹಸ್ತಪ್ರತಿಗಳಿಗೆ 75 ವರ್ಷ ಸಾಕು. ‘ಆಂಟಿಕ್’ ಎಂಬ ವ್ಯಾಪಾರದ ಮಾತು ಇವೆರಡಕ್ಕಿಂತ ಸಡಿಲ. ಹಳೆಯ ಮರದಿಂದ ಹೊಸದಾಗಿ ಮಾಡಿದ ವಸ್ತುವನ್ನೂ ಆ ಹೆಸರಿನಲ್ಲೇ ಮಾರುತ್ತಾರೆ. ‘ತೊಟ್ಟಿ’ ಎಂದರೆ ಮನೆಯ ನಡುವೆ ಆಕಾಶಕ್ಕೆ ತೆರೆದಿರುವ ತಗ್ಗಾದ ಅಂಗಳ. ಕುಂದಾಪುರದ ಕಡೆ ತೊಟ್ಟಿಯುಳ್ಳ ಮನೆಗೆ ಚೌಕಿ ಮನೆ ಎಂಬ ಹೆಸರಿದೆ.

ಹಿನ್ನೆಲೆ

ಅರಮನೆಯ ಒಳಾಂಗಣದ ಬಗ್ಗೆ ಕರ್ನಾಟಕದಲ್ಲಿ ಸಿಗುವ ವಿವರವಾದ ಹಳೆಯ ಬರಹಗಳಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ಮುಖ್ಯವಾದುದು. 12ನೆಯ ಶತಮಾನದ ಮೊದಲ ಅರ್ಧದಲ್ಲಿ ರಚಿತವಾದ ಈ ಕೃತಿ ರಾಜನ ವಾಸಗೃಹ, ಹಾಸಿಗೆ, ಆಸನಗಳನ್ನು ಒಂದೊಂದು ‘ಭೋಗ’ವೆಂದು ಎಣಿಸಿ ವರ್ಣಿಸುತ್ತದೆ, ಚಿತ್ರ ಬರೆಯಲು ಗೋಡೆಯನ್ನು ಹದಗೊಳಿಸುವ ಕ್ರಮವನ್ನೂ ಹೇಳುತ್ತದೆ. 18ನೆಯ ಶತಮಾನದ ಆರಂಭದಲ್ಲಿ ಕೆಳದಿಯ ಬಸವಪ್ಪ ನಾಯಕನು ಇದೇ ಬಗೆಯ ಇನ್ನೊಂದು ವಿಶ್ವಕೋಶ, ‘ಶಿವತತ್ತ್ವರತ್ನಾಕರ’ವನ್ನು ರಚಿಸಿದನು. ಸಾಮಾನ್ಯರ ಮನೆಗಳ ವಿಷಯದಲ್ಲಿ ಇಂಥ ಬರಹದ ಆಧಾರಗಳು ಕಡಿಮೆ. ಮರ, ಮಣ್ಣು, ಹುಲ್ಲಿನ ಕಟ್ಟಡಗಳು ಮಳೆ, ಗೆದ್ದಲು, ಬೆಂಕಿಗಳಿಗೆ ತುತ್ತಾಗುವುದರಿಂದ ಇಂದು ಕಾಣಸಿಗುವ ಮನೆಗಳಲ್ಲಿ ಹೆಚ್ಚಿನವು ಕಳೆದ ಎರಡು–ಮೂರು ಶತಮಾನಗಳವು.

19ನೆಯ ಶತಮಾನದ ಉತ್ತರಾರ್ಧದಲ್ಲಿ ಒಳಾಂಗಣ ಬದಲಾಯಿತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡುಗಳಲ್ಲಿ ಹುಲ್ಲು, ಸೋಗೆ ಮತ್ತು ಕೈಹೆಂಚಿನ ಮಾಡುಗಳ ಜಾಗಕ್ಕೆ ಮಂಗಳೂರು ಹೆಂಚು ಬಂತು. ನಡುವೆ ಗಾಜಿನ ಹೆಂಚು ಕೂರಿಸಿ ಕತ್ತಲೆಯ ಕೋಣೆಗೆ ಬೆಳಕು ಇಳಿಸುವುದು ಸಾಧ್ಯವಾಯಿತು. ರಾಜಾ ರವಿವರ್ಮನ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಬಳಿಕ ಲಕ್ಷ್ಮಿ, ಸರಸ್ವತಿಯರ ಅಚ್ಚಿನ ಪಟಗಳು ಸಾಧಾರಣ ಮನೆಗಳ ಗೋಡೆಗೂ ಏರಿದವು. ಗೋಡೆ ಗಡಿಯಾರ, ಬೆಲ್ಜಿಯಂ ಕನ್ನಡಿ, ಬಣ್ಣದ ಗಾಜಿನ ಗುಂಡು, ಚೀನೀ ಭರಣಿಗಳು ಬಂದದ್ದೂ ಇದೇ ಅವಧಿಯಲ್ಲಿ. ಕುರ್ಚಿ, ಮೇಜು, ಬೆಂಚುಗಳು ಬಹುಕಾಲ ಹೊರಗಿನವರನ್ನು ಕೂರಿಸುವ ಜಗಲಿ, ಚಾವಡಿಗಳಲ್ಲೇ ಉಳಿದವು. ಒಳಮನೆಯಲ್ಲಿ ಮಣೆ ಮತ್ತು ಚಾಪೆಯೇ ಆಸನಗಳು.

ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಗಿ, ಹೆನ್ರಿ ಇರ್ವಿನ್‌ನ ವಿನ್ಯಾಸದ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅದರ ಬಾಗಿಲು, ಚಾವಣಿಗಳ ಮರಗೆಲಸ ಮತ್ತು ದಂತದ ಒಳಜೋಡಣೆ ಈ ಕಸುಬಿನ ದೊಡ್ಡ ಸಾಧನೆ.

ಒಳಾಂಗಣದ ರಚನೆ

ಮನೆಯ ಮರಗೆಲಸದಲ್ಲಿ ಹೆಬ್ಬಾಗಿಲಿಗೆ ಮೊದಲ ಸ್ಥಾನ. ದಪ್ಪ ಹಲಗೆಯ ಎರಡು ಕದಗಳು ತಿರುಗುಣಿಯ ಮೇಲೆ ತಿರುಗುತ್ತವೆ: ಕದದ ಅಂಚಿನ ಮೇಲೆ ಮತ್ತು ಕೆಳಗೆ ಉಳಿಸಿಕೊಂಡ ಗುಂಡು ಗೂಟಗಳು ಚೌಕಟ್ಟಿನ ಕುಳಿಗಳಲ್ಲಿ ಕೂತಿರುವುದರಿಂದ ಕಬ್ಬಿಣದ ತಿರುಪು, ಕೀಲುಗಳ ಅಗತ್ಯವೇ ಇಲ್ಲ. ಒಳಗಿನಿಂದ ಭದ್ರಪಡಿಸಲು ಅಗುಳಿ ಎಂಬ ಮರದ ಅಡ್ಡಪಟ್ಟಿಯಿದೆ. ಗೋಡೆಯ ದಪ್ಪದಲ್ಲಿ ಬಿಟ್ಟ ತೂತಿನೊಳಗೆ ಅದು ಹಗಲೆಲ್ಲ ಅಡಗಿದ್ದು, ರಾತ್ರಿ ಎಳೆದರೆ ಎರಡೂ ಕದಗಳಿಗೆ ಅಡ್ಡವಾಗುತ್ತದೆ. ಚೌಕಟ್ಟಿನ ಮೇಲ್ಪಟ್ಟಿಯ ನಡುವೆ ಗಜಲಕ್ಷ್ಮಿ, ಗಣಪತಿ ಅಥವಾ ಕಮಲದ ಕೆತ್ತನೆ. ಎರಡು ಬದಿಯ ತೋಳುಗಳಲ್ಲಿ ಬಳ್ಳಿ, ಗಿಳಿ, ಮಣಿಸಾಲು. ಹೊಸ್ತಿಲು ಎತ್ತರ, ಬಾಗಿಲು ತಗ್ಗು. ಅರಿಸಿನ, ಕುಂಕುಮ, ರಂಗೋಲಿಗಳಿಂದ ಹೊಸ್ತಿಲಿಗೆ ದಿನವೂ ಪೂಜೆ ಸಲ್ಲುವುದರಿಂದ ಅದನ್ನು ತುಳಿಯದೆ ದಾಟಬೇಕು.

ಹೆಬ್ಬಾಗಿಲಿನ ಹೊರಗೆ ಜಗಲಿ, ಒಳಗೆ ತೊಟ್ಟಿ, ತೊಟ್ಟಿಯ ಸುತ್ತ ಕಂಬಸಾಲಿನ ಮೊಗಸಾಲೆ, ಅದರಾಚೆ ನಡುಮನೆ, ದೇವರಮನೆ, ಅಡುಗೆಮನೆ, ಉಗ್ರಾಣ, ಹಿಂದೆ ಬಚ್ಚಲು: ಇದು ಸಾಮಾನ್ಯ ಕ್ರಮ. ತೊಟ್ಟಿಯ ಕಂಬವು ಕಲ್ಲಿನ ಅಡಿಪೀಠದ ಮೇಲೆ ನಿಲ್ಲುತ್ತದೆ. ನೆಲದ ತೇವ ಮರಕ್ಕೆ ಏರದಿರಲಿ, ಗೆದ್ದಲು ಹತ್ತದಿರಲಿ ಎಂಬುದು ಇದರ ಉದ್ದೇಶ. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಬೋದಿಗೆ ತೊಲೆಯ ಭಾರವನ್ನು ಹರಡಿ ಕಂಬಕ್ಕೆ ಇಳಿಸುವ ತುಂಡು. ಬಡಗಿ ತನ್ನ ಕೈಚಳಕವನ್ನೆಲ್ಲ ತೋರಿಸುವುದೂ ಇಲ್ಲೇ, ಇಳಿಬಿದ್ದ ಮೊಗ್ಗು, ಬಾಗಿದ ಬಾಳೆಹೂವು, ಗಿಳಿಮೂತಿ ಮೊದಲಾದ ರೂಪಗಳಲ್ಲಿ. ಒಳ್ಳೆಯ ಮನೆಗಳಿಗೆ ತೇಗ, ಬೀಟೆ, ಹೊನ್ನೆ, ಹಲಸು, ಮತ್ತಿ ಮರಗಳನ್ನು ಬಳಸುತ್ತಿದ್ದರು.

ಗೋಡೆಗಳು ದಪ್ಪವಾದ್ದರಿಂದ ಅವುಗಳ ಒಳಗೇ ಸಾಮಾನಿಗೆ ಜಾಗ ಸಿಗುತ್ತಿತ್ತು. ದೀಪ ಇಡುವ ಸಣ್ಣ ಗೂಡು, ಪಾತ್ರೆ, ಪುಸ್ತಕಗಳಿಗೆ ಮಾಡ, ಅಂಗಿ, ರುಮಾಲು, ಚೀಲ ತೂಗುಹಾಕಲು ಗಿಳಿ ಆಕಾರದ ಗೂಟ, ಮೇಲೆ ಹಳೆಪಾತ್ರೆ, ಬುಟ್ಟಿಗಳಿಗೆ ಅಟ್ಟ. ಹೀಗಾಗಿ ಬಿಡಿ ಪೀಠೋಪಕರಣ ಕಡಿಮೆ ಇದ್ದು, ನೆಲ ಬಹುಪಾಲು ತೆರವಾಗಿರುತ್ತಿತ್ತು. ಅದೇ ಮೊಗಸಾಲೆ ಹಗಲು ಕಾಳು ಹಸನು ಮಾಡುವ ಜಾಗವಾಗಿ, ಹಬ್ಬದಲ್ಲಿ ಪಂಕ್ತಿಯ ಜಾಗವಾಗಿ, ರಾತ್ರಿ ಮಲಗುವ ಜಾಗವಾಗಿ ಬಳಕೆಯಾಗುತ್ತಿತ್ತು.

ಪ್ರಾದೇಶಿಕ ಬಗೆಗಳು

ಉತ್ತರ ಕರ್ನಾಟಕದ ವಾಡೆಗಳು ಕೋಟೆಯಂಥ ಹೊರಗೋಡೆ, ಮಣ್ಣಿನ ಮಾಳಿಗೆ ಮತ್ತು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ ಗುರುತಾಗುತ್ತವೆ. ಸಾಮಾನ್ಯ ಒಕ್ಕಲಿನ ಮನೆಯಲ್ಲಿ ಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನಗಳ ಜಾಗ, ಅದಕ್ಕೆ ತಾಗಿ ಎತ್ತರದ ಪಡಸಾಲಿ. ಬಯಲುನಾಡಿನ ಒಣ ಪ್ರದೇಶಗಳಲ್ಲಿ ಜೋಳ ತುಂಬುವ ನೆಲದಡಿಯ ಹಗೇವು. ಇಳಕಲ್ಲಿನ ನೇಕಾರರ ಮನೆಯಲ್ಲಿ ಮುಂಭಾಗದ ಪಡಸಾಲಿಯನ್ನು ಕುಣಿಮಗ್ಗವೇ ಆಳುತ್ತದೆ.

ತುಳುನಾಡಿನ ಜಮೀನ್ದಾರಿ ಮನೆತನಗಳ ಮನೆಯಾದ ಗುತ್ತಿನ ಮನೆಯ ಕೇಂದ್ರ ಚಾವಡಿ. ನ್ಯಾಯ, ಪಂಚಾಯಿತಿ, ದೈವಾರಾಧನೆಗಳ ಮಾತುಕತೆ ನಡೆಯುವ ಜಾಗವಾದ್ದರಿಂದ ಕಂಬ, ತೊಲೆ, ಮುಚ್ಚಿಗೆಯ ಕೆತ್ತನೆ ಇಲ್ಲಿ ಅತ್ಯಂತ ದಟ್ಟ. ದೈವಕ್ಕೆ ಮೀಸಲಾದ ಮಂಚ ಅಥವಾ ಉಯ್ಯಾಲೆ, ಖಡ್ಗ, ಗಂಟೆ, ಲೋಹದ ಮುಖವಾಡಗಳನ್ನೊಳಗೊಂಡ ‘ಭಂಡಾರ’ವು ಕುಟುಂಬದ ಸೊತ್ತಿನಂತೆ ಕಂಡರೂ ಅದು ದೈವದ್ದು, ಅಲಂಕಾರ ವಸ್ತುವಾಗಿ ಇಡಲು, ಮಾರಲು ಯಾರಿಗೂ ಹಕ್ಕಿಲ್ಲವೆಂಬುದು ಅಲ್ಲಿನ ಕಟ್ಟು.

ಕೊಡಗಿನ ಐನ್‌ಮನೆ ಒಂದು ಒಕ್ಕದ, ಅಂದರೆ ಕುಲದ, ಎಲ್ಲ ಕುಟುಂಬಗಳಿಗೂ ಸೇರಿದ ಮೂಲಮನೆ. ಮುಂದಿನ ಜಗಲಿಯಾದ ಕೈಯಾಲೆಯ ಕಂಬಗಳ ನಡುವೆ ಐಮರ ಎಂಬ ಅಗಲವಾದ ಹಲಗೆಗಳಿವೆ. ಹಿರಿಯರು ಕೂರುವ ಜಾಗವದು. ಒಳಗಿನ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುಹಾಕಿದ ತೂಕ್ ಬೊಳ್ಚ ಎಂಬ ದೀಪದ ಮುಂದೆ ಕುಟುಂಬದ ಶುಭಕಾರ್ಯಗಳು ನಡೆಯುತ್ತವೆ. ಮಲೆನಾಡಿನ ತೊಟ್ಟಿಮನೆಗಳಲ್ಲಿ ಅಡಕೆ ಬೇಸಾಯಕ್ಕೆ ಬೇಕಾದ ವಿಶಾಲ ಅಂಗಳ, ಅಟ್ಟ, ದೊಡ್ಡ ಒಲೆ, ಹಂಡೆಗಳೇ ಒಳಾಂಗಣವನ್ನು ನಿರ್ಧರಿಸುತ್ತವೆ. ಹಳೆಯ ಮೈಸೂರು ಭಾಗದ ಪಟ್ಟಣದ ಮನೆಗಳು ಸಾಮಾನ್ಯವಾಗಿ ಈ ದೊಡ್ಡ ಮನೆಗಳಿಗಿಂತ ಚಿಕ್ಕವು.

ನೆಲ ಮತ್ತು ಗೋಡೆ

ಹಳೆಯ ನೆಲ ಮಣ್ಣಿನದು. ಬಡಿದು ಸಮಮಾಡಿ, ಸಗಣಿಯಿಂದ ಸಾರಿಸಿ, ಕರಾವಳಿಯಲ್ಲಿ ಇದ್ದಿಲ ಪುಡಿ ಬೆರೆಸಿ, ನುಣುಪು ಕಲ್ಲಿನಿಂದ ಉಜ್ಜಿ ಕರಿಹೊಳಪು ತರುತ್ತಿದ್ದರು. ಉಳ್ಳವರ ಮನೆಗೆ ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ಅರೆದ ಗಾರೆಯ ನೆಲ. 20ನೆಯ ಶತಮಾನದಲ್ಲಿ ಸಿಮೆಂಟಿಗೆ ಕೆಂಪು ಬಣ್ಣ ಬೆರೆಸಿದ ರೆಡ್ ಆಕ್ಸೈಡ್ ನೆಲ ಹರಡಿತು. ಕಾಲು ಸವೆಸಿದಷ್ಟೂ ಹೊಳೆಯುವ ಈ ನೆಲ ಬಿರುಕು ಬಿಟ್ಟರೆ ತೇಪೆಗೆ ಒಗ್ಗುವುದಿಲ್ಲ; ಬಣ್ಣ ಎಂದೂ ಕೂಡಿಬರದು.

ಸುಣ್ಣದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಕಾರಣೆ ಎಳೆಯುವುದು ಎಲ್ಲೆಡೆಯ ರೂಢಿ. ಗೋಡೆಯ ಚಿತ್ರಗಳಲ್ಲಿ ಅತ್ಯಂತ ವ್ಯವಸ್ಥಿತವಾದುದು ಸಾಗರ, ಸೊರಬ ಭಾಗದ ದೀವರ ಸಮುದಾಯದ ಹೆಂಗಸರ ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆಯೇ ಹಿನ್ನೆಲೆ. ಅಕ್ಕಿ ನೆನೆಸಿ ಅರೆದ ಹಿಟ್ಟಿನಿಂದ ಬಿಳಿ, ಸುಟ್ಟು ಕರಿಕಾದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚ ಪುಂಡಿನಾರಿನದು, ನಾರಿನ ತುದಿಯನ್ನು ಜಜ್ಜಿ ಗೆರೆಗೆ ಬೇಕಾದಷ್ಟು ಸಪೂರ ಮಾಡಿಕೊಳ್ಳುತ್ತಾರೆ. ಮೊದಲು ಚೌಕದ ಹೊರಗೆರೆ ಎಳೆದು, ಒಳಗೆ ಸಮಾನಾಂತರ ಗೆರೆಗಳನ್ನೂ ಓರೆಗೆರೆಗಳನ್ನೂ ಹೆಣೆಯುತ್ತ ಬಂದಂತೆ ಮನೆ, ಪಲ್ಲಕ್ಕಿ, ವಧೂವರರು, ಭತ್ತದ ತೆನೆ, ಪಗಡೆ ಹಾಸುಗಳು ಮೂಡುತ್ತವೆ. ಮದುವೆಯ ಹಸೆಯ ಹಿಂದಿನ ಗೋಡೆಯ ಮೇಲೆ ಇದನ್ನು ಬರೆಯುವುದು ಕ್ರಮ. ಬರೆಯುವಾಗ ಹಾಡೂ ಜೊತೆಗಿರುತ್ತದೆ.

ಗೃಹವಸ್ತುಗಳ ಬಗೆಗಳು

ಮರದ ಸಾಮಾನಿನಲ್ಲಿ ಗಾತ್ರದಿಂದಲೂ ಮಹತ್ವದಿಂದಲೂ ಮೊದಲಿನದು ಧಾನ್ಯದ ಪೆಟ್ಟಿಗೆ. ಕರಾವಳಿಯಲ್ಲಿ ಇದಕ್ಕೆ ಪತ್ತಾಯವೆಂದು ಹೆಸರು. ಆಳೆತ್ತರಕ್ಕೆ ತುಸು ಕಡಿಮೆ ಇರುವ ಈ ಪೆಟ್ಟಿಗೆಗೆ ಹಲಸಿನ ಅಥವಾ ಇತರ ಗಟ್ಟಿಮರದ ಹಲಗೆ. ಮೇಲಿನ ಮುಚ್ಚಳದ ಮೇಲೆ ಯಜಮಾನ ಮಲಗುವುದೂ ಇತ್ತು, ಹೀಗೆ ಕಾವಲೂ ಆಯಿತು, ಮಂಚವೂ ಆಯಿತು. ತೂಗುಮಂಚ, ಬಟ್ಟೆಯ ಸಂದೂಕ, ಬಾಣಂತಿಯ ಮಂಚ, ಊಟದ ಮಣೆ, ಎಲೆಯಡಿಕೆ ಪೆಟ್ಟಿಗೆ, ಚನ್ನೆಮಣೆ, ಕಡೆಗೋಲು, ಈಳಿಗೆಮಣೆಗಳು ಉಳಿದವು. ಕಾಫಿ ಸೀಮೆಯಲ್ಲಿ ಬೆತ್ತದ ಹೆಣಿಗೆಯ, ಕಾಲು ಚಾಚಲು ಉದ್ದ ತೋಳುಗಳಿರುವ ಆರಾಮಕುರ್ಚಿ ಬಳಕೆಗೆ ಬಂತು.

ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ತವರಿನವರು ಮಗುವಿಗೆ ಕೊಡುವ ಉಡುಗೊರೆಯಾಗಿ ಹೆಸರಾಗಿದೆ. ರಾಮಾಯಣದ, ಕೃಷ್ಣಲೀಲೆಯ ಚಿತ್ರಗಳ ಮೇಲೆ ಅರಗಿನ ಹೊಳಪು ಇದರ ಲಕ್ಷಣ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಜೋಡಿಸಿ, ಚಿಂದಿಬಟ್ಟೆ, ಹುಣಸೆಬೀಜದ ಅಂಟಿನ ಲೇಪ ಕೊಟ್ಟು ಬಣ್ಣ ಹಚ್ಚಿ ಗೊಂಬೆ, ದೇವತಾಮೂರ್ತಿ, ಮಣೆಗಳನ್ನು ಮಾಡುತ್ತಾರೆ. ಮೈಸೂರಿನ ಬೀಟೆ ಮರದ ಒಳಜೋಡಣೆ ಕೆಲಸದಲ್ಲಿ ಹಿಂದೆ ದಂತ ಕೂರಿಸುತ್ತಿದ್ದರು. ಈಗ ಬೇರೆ ಬಣ್ಣದ ಮರ ಮತ್ತು ಪ್ಲಾಸ್ಟಿಕ್ ಅದರ ಜಾಗದಲ್ಲಿವೆ.

ಲೋಹದಲ್ಲಿ ತಾಮ್ರದ ಹಂಡೆ, ಕೊಪ್ಪರಿಗೆ, ಗುಡಾಣ. ಹಿತ್ತಾಳೆಯ ಕೊಡ, ತಂಬಿಗೆ, ಪೀಕದಾನಿ, ಕಾಲುದೀಪ, ತೂಗುದೀಪ. ಕಂಚಿನ ಬಟ್ಟಲು, ಗಂಗಾಳ, ಗಂಟೆ. ಕೊಳಗ, ಬಳ್ಳ, ಸೇರು, ಪಾವುಗಳು ಅಳತೆಯ ಪಾತ್ರೆಗಳು. ದಶಮಾನ ಪದ್ಧತಿ ಬಂದು ಇವುಗಳ ಕೆಲಸ ನಿಂತರೂ ಮನೆ ತುಂಬುವ ಹೆಣ್ಣು ಒದೆಯುವ ಸೇರಕ್ಕಿಗೆ ಇಂದಿಗೂ ಸೇರೇ ಬೇಕು. ಬೀದರಿನ ಬಿದರಿ ವಸ್ತುಗಳು ಸತುವಿನ ಪಾಲೇ ಹೆಚ್ಚಿರುವ, ತುಸು ತಾಮ್ರ ಬೆರೆತ ಮಿಶ್ರಲೋಹದಲ್ಲಿ ಎರಕವಾಗಿ, ಬೆಳ್ಳಿಯ ತಂತಿ, ತಗಡು ಕೂರಿಸಿಕೊಂಡು, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಕಪ್ಪಾಗುತ್ತವೆ. ಬೆಳ್ಳಿಯ ಬಿಳುಪು ಮಾತ್ರ ಹಾಗೇ ಉಳಿಯುತ್ತದೆ.

ಕಲ್ಲಿನಲ್ಲಿ ಒರಳು, ಬೀಸುಕಲ್ಲು, ಬಳಪದ ಕಲ್ಲಿನ ಮರಿಗೆ. ಬಟ್ಟೆಯಲ್ಲಿ ನವಲಗುಂದದ ಜಮಖಾನೆ, ಹಳೆಸೀರೆಯ ಪದರಗಳನ್ನು ಹೊಲಿದ ಕೌದಿ, ಕಂಬಳಿ. ಗೋಡೆಯ ಪಟಗಳಲ್ಲಿ ಚಿನ್ನದ ರೇಕಿನ ಮೈಸೂರು ಚಿತ್ರ, ತಂಜಾವೂರು ಚಿತ್ರ, ರವಿವರ್ಮನ ಅಚ್ಚು ಮತ್ತು ಹಿರಿಯರ ಭಾವಚಿತ್ರಗಳು ಸಾಮಾನ್ಯ.

ಬಳಕೆ ಮತ್ತು ಆಚರಣೆ

ಹಳೆಯ ವಸ್ತುಗಳು ಉಳಿದುಬರಲು ಹಬ್ಬಗಳು ದೊಡ್ಡ ಕಾರಣ. ದೀಪಾವಳಿಯ ನೀರು ತುಂಬುವ ದಿನ ಬಚ್ಚಲ ಹಂಡೆಯನ್ನು ಹುಣಸೆಹುಳಿಯಿಂದ ತಿಕ್ಕಿ ಬೆಳಗಿ, ಸುಣ್ಣ ಮತ್ತು ಕೆಮ್ಮಣ್ಣಿನ ಗೆರೆ ಬರೆದು, ಕೊರಳಿಗೆ ಹಿಂಡ್ಲಿಕಾಯಿಯ ಬಳ್ಳಿ ಸುತ್ತಿ ಪೂಜಿಸುತ್ತಾರೆ. ನವರಾತ್ರಿಯಲ್ಲಿ ಹಳೆಯ ಮೈಸೂರು ಭಾಗದ ಮನೆಗಳಲ್ಲಿ ಗೊಂಬೆ ಕೂರಿಸುತ್ತಾರೆ. ಮದುವೆಯಲ್ಲಿ ತವರಿನಿಂದ ಬಂದ ರಕ್ತಚಂದನದ ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಿನಲ್ಲಿರುತ್ತವೆ. ಅಜ್ಜಿಯ ಗೊಂಬೆ ಮೊಮ್ಮಗಳಿಗೆ ಹೋಗುವುದೂ ಉಂಟು. ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ತೆಗೆದು, ಒರೆಸಿ, ಉಡಿಸಿ, ಮತ್ತೆ ಬಟ್ಟೆಯಲ್ಲಿ ಸುತ್ತಿ ಇಡುವ ಈ ಕ್ರಮವೇ ಸಂರಕ್ಷಣೆಯೂ ಆಗಿದೆ. ಮೊದಲೇ ಹೇಳಿದ ದೈವದ ಭಂಡಾರಕ್ಕೂ ಐನ್‌ಮನೆಯ ತೂಗುದೀಪಕ್ಕೂ ಆಚರಣೆಯೇ ಕಾವಲು.

ಪಾಲನೆ

ಮರಕ್ಕೆ ಶತ್ರುಗಳು ಮೂರು: ತೇವ, ಗೆದ್ದಲು, ಕುಟ್ಟೆಹುಳ. ಕರಾವಳಿಯಲ್ಲಿ ಪಕಾಸು, ತೊಲೆಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು; ಅಡುಗೆಮನೆಯ ಹೊಗೆಯೂ ಅಟ್ಟದ ಮರವನ್ನು ಕಾಯುತ್ತಿತ್ತು. ಒಲೆಯ ಜಾಗಕ್ಕೆ ಗ್ಯಾಸ್ ಬಂದ ಮನೆಗಳಲ್ಲಿ ಈ ರಕ್ಷಣೆ ತಪ್ಪಿದೆ. ಪೀಠೋಪಕರಣಗಳಿಗೆ ಅಗಸೆ ಎಣ್ಣೆ ಅಥವಾ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಪಾಲಿಶ್ ಸೂಕ್ತ. ಹಳೆಯ ಮರದ ಮೇಲ್ಮೈಯನ್ನು ಯಂತ್ರದಿಂದ ಉಜ್ಜಿ ಹೊಸ ವಾರ್ನಿಷ್ ಬಳಿದರೆ ಶತಮಾನದ ಕೈಸವೆತ, ಉಳಿಯ ಗುರುತುಗಳು ಅಳಿದುಹೋಗುತ್ತವೆ, ಅವನ್ನು ಮರಳಿ ತರಲಾಗದು. ಮೊಳೆ ಹೊಡೆದು ರಿಪೇರಿ ಮಾಡುವುದಕ್ಕಿಂತ ಮರದ ಬೆಣೆ, ಗೂಟಗಳಿಂದ ಮೂಲ ಜೋಡಣೆಯನ್ನು ಬಿಗಿಮಾಡುವುದು ಸರಿಯಾದ ಕ್ರಮ.

ತಾಮ್ರ, ಹಿತ್ತಾಳೆಗಳನ್ನು ಹುಣಸೆಹಣ್ಣು, ಬೂದಿಗಳಿಂದ ಬೆಳಗುತ್ತಾರೆ. ಅಡುಗೆಗೆ ಬಳಸುವ ಪಾತ್ರೆಯ ಒಳಮೈಗೆ ಕಲಾಯಿ ಕಡ್ಡಾಯ: ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ತುಂಡನ್ನು ಕರಗಿಸಿ ಹತ್ತಿಯಿಂದ ಕ್ಷಣದಲ್ಲಿ ಸುತ್ತ ಒರೆಸುತ್ತಾರೆ. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿಪದಾರ್ಥ ಇಟ್ಟರೆ ಕಿಲುಬಿ ವಿಷವಾಗುತ್ತದೆ. ಕಂಚು ಬಿದ್ದರೆ ಒಡೆಯುತ್ತದೆ. ಬಿದರಿಗೆ ಹುಣಸೆ ಮುಟ್ಟಿಸಬಾರದು. ಒಣಬಟ್ಟೆಯಿಂದ ಒರೆಸಿ ತೆಳುವಾಗಿ ಎಣ್ಣೆ ಸವರಿದರೆ ಸಾಕು. ಹಳೆಯ ಚಿತ್ರಪಟ, ಬಟ್ಟೆಗಳನ್ನು ನೇರ ಬಿಸಿಲಿನಿಂದಲೂ ಮಳೆಗಾಲದಲ್ಲಿ ಹೊರಗೋಡೆಯಿಂದಲೂ ದೂರವಿಡಬೇಕು.

ಕಾನೂನು

1972ರ ಕಾಯಿದೆ ಜಾರಿಗೆ ಬಂದದ್ದು 1976ರಲ್ಲಿ. ಅದರಂತೆ ಕಲ್ಲು, ಲೋಹ, ಸುಟ್ಟಮಣ್ಣು, ದಂತ, ಮರದ ಶಿಲ್ಪಗಳು, ಚಿತ್ರಗಳು, ಸಚಿತ್ರ ಹಸ್ತಪ್ರತಿಗಳು ಮೊದಲಾದ ಗೊತ್ತುಪಡಿಸಿದ ವರ್ಗಗಳ ಪ್ರಾಚ್ಯವಸ್ತುಗಳನ್ನು ಖಾಸಗಿಯವರು ಇಟ್ಟುಕೊಳ್ಳಬಹುದು, ಆದರೆ ನೋಂದಾಯಿಸಬೇಕು. ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿ ವ್ಯಕ್ತಿಗಳು ಪ್ರಾಚ್ಯವಸ್ತುವನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ನಿತ್ಯಬಳಕೆಯ ಪಾತ್ರೆ, ಪೆಟ್ಟಿಗೆ, ಮಂಚಗಳು ಸಾಮಾನ್ಯವಾಗಿ ನೋಂದಣಿಯ ಪಟ್ಟಿಗೆ ಬರುವುದಿಲ್ಲವಾದರೂ ನೂರು ವರ್ಷ ದಾಟಿದ್ದರೆ ರಫ್ತಿನ ನಿರ್ಬಂಧ ಅವಕ್ಕೂ ಅನ್ವಯಿಸುತ್ತದೆ. ಹಳೆಯ ಮನೆಗಳ ಗೋಡೆಯಲ್ಲಿರುವ ಜಿಂಕೆ, ಕಾಡುಕೋಣಗಳ ಕೊಂಬು ಮತ್ತು ಹುಲಿಚರ್ಮಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಒಡೆತನದ ಪ್ರಮಾಣಪತ್ರವಿಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಭಾರತೀಯ ಆನೆದಂತದ ವ್ಯಾಪಾರ 1986ರ ತಿದ್ದುಪಡಿಯಿಂದ ನಿಷಿದ್ಧವಾಯಿತು.

ಇಂದಿನ ಸ್ಥಿತಿ

20ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಮನೆಗಳು ವೇಗವಾಗಿ ಕಡಿಮೆಯಾದವು. 1974ರ ಭೂಸುಧಾರಣೆಯಿಂದ ಗೇಣಿಯ ಭತ್ತ ನಿಂತಾಗ ದೊಡ್ಡ ಪತ್ತಾಯ, ಕಣಜಗಳಿಗೆ ಕೆಲಸವಿಲ್ಲವಾಯಿತು. ಅವಿಭಕ್ತ ಕುಟುಂಬಗಳು ಪಾಲಾದಾಗ ತೊಟ್ಟಿಯ ನಡುವೆಯೇ ಗೋಡೆಗಳು ಎದ್ದವು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದ ಶರಾವತಿ ಕೊಳ್ಳದ, ಆಲಮಟ್ಟಿ ಜಲಾಶಯದಿಂದ ಹಳೆಯ ಬಾಗಲಕೋಟೆಯ ಅನೇಕ ಮನೆಗಳು ಮುಳುಗಡೆಯಾದವು. ಕಿತ್ತ ಮನೆಗಳ ಕಂಬ, ಬಾಗಿಲು, ಬೋದಿಗೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಅಲ್ಲಿಂದ ಆರಿಸಿದ ತುಂಡುಗಳು ಬೆಂಗಳೂರಿನ ಹಳೆ ಸಾಮಾನಿನ ಅಂಗಡಿಗಳಿಗೂ ಕೊಚ್ಚಿಯ ಮಟ್ಟಾಂಚೇರಿಯಂಥ ಮಾರುಕಟ್ಟೆಗಳಿಗೂ ಸೇರುತ್ತವೆ. ಹೀಗೆ ಬಂದ ವಸ್ತುವಿನ ಜೊತೆ ಅದು ಯಾವ ಊರಿನದು, ಯಾವ ಮನೆಯದು ಎಂಬ ವಿವರ ಬರುವುದಿಲ್ಲ. ಈ ನಷ್ಟ ವಸ್ತು ಮುರಿಯುವುದಕ್ಕಿಂತ ದೊಡ್ಡದು.

ಇಡೀ ಮನೆಗಳನ್ನು ಉಳಿಸುವ ಪ್ರಯತ್ನದಲ್ಲಿ ಮಣಿಪಾಲದ ವಿಜಯನಾಥ ಶೆಣೈ (1934–2017) ಅವರ ಕೆಲಸ ಅಗ್ರಗಣ್ಯ. ಉರುಳಲಿದ್ದ ಮನೆಗಳನ್ನು ಕೊಂಡು, ತೊಲೆ ತೊಲೆಗೂ ಗುರುತು ಹಾಕಿ ಬಿಚ್ಚಿ, ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಅವರು ಮತ್ತೆ ನಿಲ್ಲಿಸಿದರು. ಕುಂಜೂರು ಚೌಕಿ ಮನೆ, ಮುಧೋಳದ ದರ್ಬಾರ್ ಹಾಲ್, ಕುಕನೂರಿನ ಕಮಲ್ ಮಹಲ್ ಅಲ್ಲಿವೆ. ಚೆನ್ನೈ ಬಳಿಯ ದಕ್ಷಿಣಚಿತ್ರ ವಸ್ತುಸಂಗ್ರಹಾಲಯದಲ್ಲಿ ಇಳಕಲ್ಲಿನ ನೇಕಾರರ ಮನೆ ಮತ್ತು ಚಿಕ್ಕಮಗಳೂರಿನ ಮನೆಯೊಂದನ್ನು ಮರುಕಟ್ಟಲಾಗಿದೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಸ್ಥಾಪಿಸಿದ ಜಾನಪದ ಲೋಕ, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಮತ್ತು ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರಗಳಲ್ಲಿ ಬಿಡಿ ಗೃಹವಸ್ತುಗಳ ಸಂಗ್ರಹಗಳಿವೆ.

ನಗರದ ಮನೆ, ಅಪಾರ್ಟ್‌ಮೆಂಟುಗಳಲ್ಲಿ ಹಳೆಯ ಬಾಗಿಲನ್ನು ಮೇಜಾಗಿ, ಹಂಡೆಯನ್ನು ಗಿಡದ ಕುಂಡವಾಗಿ, ಒರಳನ್ನು ನೀರಿನ ಬಟ್ಟಲಾಗಿ ಇಡುವುದು ಈಗ ಬಳಕೆಯಲ್ಲಿದೆ. ಹಳೆಯ ಕಂಬಗಳನ್ನು ಕೊಂಡು ಹೊಸ ತೊಟ್ಟಿಮನೆ ಕಟ್ಟಿಸುವವರೂ ಇದ್ದಾರೆ. ಮಲೆನಾಡು, ಕೊಡಗು, ಕರಾವಳಿಗಳಲ್ಲಿ ಕೆಲವು ಹಳೆಯ ಮನೆಗಳು ಹೋಂಸ್ಟೇಗಳಾಗಿ ದುರಸ್ತಿಯ ಖರ್ಚನ್ನು ತಾವೇ ದುಡಿದುಕೊಳ್ಳುತ್ತಿವೆ. ಕಲಾಯಿಯವರು, ಬೆತ್ತ ಹೆಣೆಯುವವರು, ತಿರುಗುಣಿ ಬಾಗಿಲು ಕೂರಿಸಬಲ್ಲ ಬಡಗಿಗಳು ಎಲ್ಲ ಕಡೆಯೂ ವಿರಳವಾಗಿದ್ದಾರೆ; ದುರಸ್ತಿಗೆ ಬೇಕಾದ ಬೀಟೆ, ತೇಗದ ದೊಡ್ಡ ದಿಮ್ಮಿಗಳೂ ಸುಲಭವಾಗಿ ಸಿಗದಿರುವುದರಿಂದ ಒಂದು ಹಳೆಯ ಮನೆಯ ರಿಪೇರಿಗೆ ಇನ್ನೊಂದು ಹಳೆಯ ಮನೆಯಿಂದ ಕಿತ್ತ ಮರವನ್ನೇ ಬಳಸಲಾಗುತ್ತಿದೆ.